ಮಾರಿ ಎಲ್ಲೈತಿ?

ಹೋದ ವರ್ಷ ಜ್ಞಾನೇಶ್ವರ ಪಾಲಖಿ ಪುಣೆಗೆ ಬಂದ ದಿನ ನಾನೂ ಭವಾನಿ ಪೇಠೆಗೆ ಹೋಗಿದ್ದೆ. ಭಕ್ತಿಗಿಂತ ಹೆಚ್ಚಾಗಿ ಆಫೀಸಿನ ಫೋಟೋ ಸ್ಪರ್ಧೆಗೆ. ರಸ್ತೆ ಬದಿ ಚಕ್ರ ಹಚ್ಚಿದ ಹಲಗೆಯ ಮೇಲೆ ಒಬ್ಬ ಮುದುಕ ಕೂತಿದ್ದ. ಮೊಣಕಾಲಿನ ಕೆಳಗೆ ಎರಡೂ ಕಾಲಿಲ್ಲ. ಪಕ್ಕದಲ್ಲಿ ಸಾಲಾಗಿ ಸಾಗುವ ವಾರಕರಿಗಳ ಬರಿಗಾಲುಗಳು. ಒಳ್ಳೆಯ ಫ್ರೇಮು. ಇಪ್ಪತ್ತರ ನೋಟು ತೋರಿಸಿ ಮರಾಠಿಯಲ್ಲಿ ಕೇಳಿದೆ, ತಲೆಯಾಡಿಸಿದ. ಹೆಂಡತಿಗೆ ಫೋನಿನಲ್ಲಿ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದಿರಬೇಕು, "ತೋರ್ಸು ತಮ್ಮಾ" ಎಂದ. ನೋಡಿ, "ಕಾಲಷ್ಟೇ ತಗದೀಯಲ್ಲೋ, ಮಾರಿ ಎಲ್ಲೈತಿ?" ಎಂದ. ಕಲಬುರ್ಗಿ ಕಡೆಯವನು.

ಮನೆಗೆ ಬಂದು ಹೂಪರನ ಚಿತ್ರಗಳನ್ನು ಮತ್ತೆ ತೆಗೆದು ನೋಡಿದೆ. ವಿಲೋಬಿ ವ್ಯಾಲೇಸ್ ಹೂಪರ್ ಮದ್ರಾಸ್ ಸೈನ್ಯದ ಅಧಿಕಾರಿ. 1876-78ರ ಬರದಲ್ಲಿ, ನಮ್ಮವರು ಧಾತು-ಈಶ್ವರ ಬರ ಎನ್ನುತ್ತಿದ್ದುದರಲ್ಲಿ, ಎಲುಬು ಮಾತ್ರ ಉಳಿದ ಗಂಡಸರು, ಹೆಂಗಸರು, ಮಕ್ಕಳನ್ನು ಸಾಲಾಗಿ ಕೂರಿಸಿ ಫೋಟೋ ತೆಗೆದವನು. ಆಗಿನ ಕ್ಯಾಮೆರಾದ ಮುಂದೆ ಅಲುಗಾಡದೆ ಇರಬೇಕಿತ್ತು. ನಿಲ್ಲಲಾರದವರನ್ನೂ ಹಾಗೆ ಇರಿಸಿದ್ದಾನೆ. ಮುಖಗಳೆಲ್ಲ ಇವೆ, ನನ್ನ ಫೋಟೋದಲ್ಲಿ ಅದೂ ಇರಲಿಲ್ಲ. ನಾನು ನೋಡಿದ ಪ್ರತಿಗಳಲ್ಲಿ ಹೆಸರು ಮಾತ್ರ ಒಬ್ಬರದೂ ಇಲ್ಲ. ಇದೇ ಹೂಪರ್ 1886ರಲ್ಲಿ ಮಂಡಲೇಯಲ್ಲಿ, ಗುಂಡು ಹಾರುವ ಕ್ಷಣವನ್ನೇ ಹಿಡಿಯಲು ಮರಣದಂಡನೆಯನ್ನು ತಡೆಹಿಡಿದ ಎಂಬ ಆರೋಪಕ್ಕೆ ವಿಚಾರಣೆ ಎದುರಿಸಿದ.

ಅವನನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಮೈಸೂರು ಸೀಮೆಯಲ್ಲಿ 1871ರಲ್ಲಿ ಐವತ್ತು ಲಕ್ಷಕ್ಕೂ ಮೇಲಿದ್ದ ಜನ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿದಿದ್ದರು ಎಂದು ಓದಿದಾಗ ನನಗೆ ಏನೂ ಆಗಿರಲಿಲ್ಲ. ಆ ಚಿತ್ರಗಳನ್ನು ನೋಡಿದ ದಿನ ಊಟ ಸೇರಲಿಲ್ಲ. ಲಂಡನ್ನಿನ ಪತ್ರಿಕೆಗಳೂ 1877ರಲ್ಲಿ ಬರದ ಚಿತ್ರಗಳನ್ನು ಅಚ್ಚು ಹಾಕಿದವು, ಅಲ್ಲಿ ಚಂದಾ ಕೂಡಿತು. ನೋಡಬಾರದು ಎಂದರೆ ಆ ಗಂಜಿಯನ್ನೂ ಬೇಡ ಎಂದ ಹಾಗಾಗುತ್ತದೆ.

ಹಾಗಿದ್ದರೆ ನನ್ನನ್ನು ಚುಚ್ಚುತ್ತಿರುವುದು ಏನು? ಒಪ್ಪಿಗೆ, ಅನ್ನಿಸುತ್ತದೆ. ಗಂಜಿ ಸಿಕ್ಕೀತೆಂದು ಕೂತವನು ಸಾಹೇಬನಿಗೆ ಬೇಡ ಅನ್ನುತ್ತಿದ್ದನೇ? ನೋಟು ಹಿಡಿದು ನಾನು ಕೇಳಿದ್ದೂ ಅದೇ ಜಾತಿಯ ಪ್ರಶ್ನೆ. "ಕೇಳಿಯೇ ತೆಗೆದೆ" ಎಂದು ಗೆಳೆಯರ ಮುಂದೆ ಎರಡು ಸಲ ಹೇಳಿಕೊಂಡಿದ್ದೇನೆ, ನಾಚಿಕೆಯಿಲ್ಲದೆ. ಮುದುಕ ಮಾತ್ರ ಫೋಟೋ ಬೇಡ ಅನ್ನಲಿಲ್ಲ, ತನಗೆ ಬೇಕಾದ ಫೋಟೋ ಕೇಳಿದ. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಟೋಪಿ ಸರಿಮಾಡಿಕೊಂಡು, "ಈಗ ತಗಿ" ಎಂದ. ಮಗನ ನಂಬರು ಬಾಯಿಪಾಠವಿತ್ತು, ಕಳಿಸಿದೆ. ಸಂಜೆ ಉತ್ತರ ಬಂತು: "ಅಪ್ಪ ಉಂಡಾನೇನ್ರೀ?"

ನಾನು ಕೇಳಿರಲಿಲ್ಲ. ಸ್ಪರ್ಧೆಗೆ ಏನೂ ಕಳಿಸಲಿಲ್ಲ. ಕಾಲುಗಳ ಆ ಫೋಟೋ ಮಾತ್ರ ಇನ್ನೂ ಫೋನಿನಲ್ಲಿದೆ. ಚೆನ್ನಾಗಿ ಬಂದಿದೆ, ಅದೇ ತೊಂದರೆ.