ಬೀಗ ತೆಗೆಯುವದೂ ಕಳವು ಮಾಡುವದೂ

ಕ್ರಯಕ್ಕೆ ಕೊಂಡ ವಸ್ತುವಿನ ಬೀಗವನ್ನು ಕೊಂಡವನೇ ತೆಗೆದರೆ ಅದು ಅಪರಾಧವಾಗುವದೇ? ಈ ಪ್ರಶ್ನೆಯನ್ನು ಮನೆಯ ಪೆಟ್ಟಿಗೆಯ ಕುರಿತು ಕೇಳಿದರೆ ಕೇಳಿದವನನ್ನೇ ಜನರು ನಕ್ಕಾರು. ಆದರೆ ಇಂದು ಪ್ರತಿಯೊಬ್ಬರ ಕಿಸೆಯಲ್ಲಿರುವ ಸ್ಮಾರ್ಟ್‌ಫೋನಿನ ಕುರಿತು ಅದನ್ನೇ ಕೇಳಿದರೆ ತಿಳಿದವರಲ್ಲಿಯೂ ಎರಡು ಮತಗಳು ಹುಟ್ಟುವವು. ಪ್ರಶ್ನೆಯು ಯಂತ್ರಕ್ಕೆ ಸಂಬಂಧಿಸಿದ್ದೆಂದು ತೋರಿದರೂ ವಿಚಾರಿಸಿ ನೋಡಿದಲ್ಲಿ ಅದು ಧರ್ಮಕ್ಕೆ ಸಂಬಂಧಿಸಿದ್ದು: 'ನನ್ನದು' ಎಂಬ ಮಾತಿನ ಅರ್ಥವೇನು, ಅದರ ಎಲ್ಲೆ ಯಾವದು ಎಂಬದೇ ಅದರ ಸಾರವು.

ಮೊದಲು ವಿಷಯದ ಸ್ವರೂಪವನ್ನು ತಿಳಿಯತಕ್ಕದ್ದು. ಫೋನನ್ನು ಮಾಡಿದ ಕಂಪನಿಯು ಅದರ ಒಳಗಿನ ಮೂಲವ್ಯವಸ್ಥೆಗೆ ಬೀಗ ಹಾಕಿ ಮಾರುತ್ತದೆ. ಕೊಂಡವನು ಪರದೆಯ ಚಿತ್ರವನ್ನು ಬದಲಿಸಬಹುದು, ಆ್ಯಪುಗಳನ್ನು ಹಾಕಿಕೊಳ್ಳಬಹುದು. ಆದರೆ ಮೂಲವ್ಯವಸ್ಥೆಯನ್ನು ಮುಟ್ಟಲಾರನು. ಆ ಬೀಗವನ್ನು ತೆಗೆಯುವ ಕ್ರಿಯೆಗೆ ಆಂಡ್ರಾಯ್ಡ್ ಫೋನುಗಳಲ್ಲಿ 'ರೂಟ್ ಮಾಡುವದು' ಎಂದು ಹೆಸರು. 2007ರಲ್ಲಿ ಹೊರಬಂದ ಆ್ಯಪಲ್ ಕಂಪನಿಯ ಐಫೋನಿನಲ್ಲಿ ಅದಕ್ಕೆ 'ಜೈಲ್‌ಬ್ರೇಕ್', ಅಂದರೆ ಸೆರೆಮನೆಯನ್ನು ಒಡೆಯುವದು, ಎಂದು ಹೆಸರು. ಬೀಗ ತೆಗೆದವರಲ್ಲಿ ಕೆಲವರು ಫೋನನ್ನು ತಮ್ಮ ಇಷ್ಟದಂತೆ ಹೊಂದಿಸಿಕೊಂಡು ತೃಪ್ತರಾದರು. ಕೆಲವರು ಹಣ ಕೊಟ್ಟು ಪಡೆಯಬೇಕಾದ ಆ್ಯಪುಗಳನ್ನು ಪುಕ್ಕಟೆಯಾಗಿ ತುಂಬಿಕೊಂಡರು. ಒಂದೇ ಬಾಗಿಲಿನಿಂದ ಇಬ್ಬರೂ ಹೊಕ್ಕುದರಿಂದ ಲೋಕವು ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯತೊಡಗಿತು. ಇಲ್ಲಿಯೇ ವಿವೇಕವು ಬೇಕಾಗಿದೆ.

ಇದು ಪರದೇಶದವರ ಜಗಳವೆಂದು ವಾಚಕರು ಭಾವಿಸಬಾರದು. ಕನ್ನಡಿಗರಿಗೆ ಈ ಪ್ರಶ್ನೆಯು ಅಕ್ಷರದ ಪ್ರಶ್ನೆಯಾಗಿಯೇ ಬಂದಿತು. ಮೊದಲನೆಯ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಕನ್ನಡ, ತೆಲುಗು, ಮಲೆಯಾಳ ಲಿಪಿಗಳಿಗೆ ಆ ವ್ಯವಸ್ಥೆಯಲ್ಲಿ ಸ್ಥಾನ ದೊರೆತದ್ದು 2012ರಲ್ಲಿ, ಅದರ 4.1ನೆಯ ಆವೃತ್ತಿಯಲ್ಲಿ. ನಡುವಿನ ವರ್ಷಗಳಲ್ಲಿ ಬಹಳಷ್ಟು ಫೋನುಗಳೊಳಗೆ ಕನ್ನಡದ ಬರೆಹವನ್ನು ತೆರೆದರೆ ಅಕ್ಷರವಿರಬೇಕಾದಲ್ಲಿ ಬರಿಯ ಚೌಕಗಳು ಕಾಣಿಸುತ್ತಿದ್ದವು. ಒಪೆರಾ ಮಿನಿ ಎಂಬ ಆ್ಯಪಿನಲ್ಲಿ ಅಕ್ಷರಗಳನ್ನು ಚಿತ್ರಗಳಾಗಿ ತರಿಸಿಕೊಂಡು ಓದುವ ಉಪಾಯವೊಂದಿತ್ತು. ಆದರೆ ಅದು ಆ ಆ್ಯಪಿನ ಒಳಗೆ ಮಾತ್ರ. ಫೋನಿನ ಎಲ್ಲೆಡೆಯಲ್ಲಿ ಕನ್ನಡವು ಕಾಣಬೇಕಾದರೆ ಫಾಂಟನ್ನು ಮೂಲವ್ಯವಸ್ಥೆಯ ಒಳಗೇ ಇರಿಸಬೇಕು. ಅದಕ್ಕೆ ಬೀಗ ತೆಗೆಯಬೇಕು. ಹಾಗೆ ತೆಗೆದವರು ಇದ್ದರು. ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟ ಲೋಹಿತ್ ಕನ್ನಡದಂಥ ಫಾಂಟುಗಳು ಆಗಲೇ ಇದ್ದವು. ಫಾಂಟನ್ನು ಇರಿಸಿದ ಮೇಲೂ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲವಾದರೂ ಚೌಕಕ್ಕಿಂತ ಅದೇ ಮೇಲಾಗಿತ್ತು.

ಈಗ ಕೇಳಬೇಕು: ಹಣ ಕೊಟ್ಟು ಕೊಂಡ ಫೋನಿನಲ್ಲಿ, ಯಾರದೂ ಅಪ್ಪಣೆ ಬೇಡದ ಫಾಂಟನ್ನು ಇರಿಸಿ, ತನ್ನ ತಾಯಿನುಡಿಯನ್ನು ಓದಿಕೊಂಡವನು ಯಾರಿಗೆ ಏನನ್ನು ಕಳೆದನು? ಯಾರಿಗೂ ಏನೂ ಕಳೆಯಲಿಲ್ಲ. ಆದರೂ ಅವನು ಮಾಡಿದ ಕ್ರಿಯೆಯು, ಹೊರನೋಟಕ್ಕೆ, ಕಳ್ಳನ ಕ್ರಿಯೆಯಂತೆಯೇ ಇದ್ದಿತು.

ತರ್ಕಶಾಸ್ತ್ರವನ್ನು ಓದಿದವರು ಇಂಥಲ್ಲಿ ಅನ್ವಯವ್ಯತಿರೇಕಗಳನ್ನು ನೋಡುವರು. ಬೀಗ ತೆಗೆಯುವದೇ ಕಳವಿನ ಕಾರಣವಾಗಿದ್ದರೆ, ಬೀಗ ತೆಗೆದಲ್ಲೆಲ್ಲ ಕಳವು ಇರಬೇಕು, ತೆಗೆಯದಲ್ಲಿ ಇರಬಾರದು. ಆದರೆ ಕನ್ನಡದ ಫಾಂಟಿಗಾಗಿ ಬೀಗ ತೆಗೆದವನು ಏನನ್ನೂ ಕದಿಯಲಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಬೀಗವನ್ನು ಮುಟ್ಟದೆಯೇ ಕದ್ದ ಆ್ಯಪನ್ನು ಹಾಕಿಕೊಳ್ಳುವವರೂ ಇದ್ದಾರೆ. ಐಫೋನಿನ ಲೋಕದಲ್ಲಿಯೂ ಹೀಗೆಯೇ. ಬೀಗ ತೆಗೆದ ಫೋನುಗಳಿಗಾಗಿ ಜೇ ಫ್ರೀಮನ್ ಎಂಬವನು 2008ರಲ್ಲಿ ಮಾಡಿದ 'ಸಿಡಿಯಾ' ಎಂಬದರಲ್ಲಿ ಹಣ ಕೊಟ್ಟು ಕೊಳ್ಳುವ ಅಂಗಡಿಯೂ ಇದ್ದು, ಅಲ್ಲಿಯ ವ್ಯಾಪಾರವು 2018ರ ವರೆಗೆ ನಡೆಯಿತು. ಕದ್ದ ಆ್ಯಪುಗಳನ್ನು ಹಂಚುತ್ತಿದ್ದ 'ಇನ್‌ಸ್ಟಾಲಸ್' ಎಂಬದು ಬೇರೆ. ಅದು 2012ರ ಕೊನೆಯಲ್ಲಿ ಮುಚ್ಚಿಹೋಯಿತು. ಬೀಗ ತೆಗೆದವರಲ್ಲಿಯೇ ಒಬ್ಬರು ಅಂಗಡಿಯಿಟ್ಟರು, ಮತ್ತೊಬ್ಬರು ಅಂಗಡಿಯನ್ನು ಲೂಟಿಮಾಡಿದರು. ಆದುದರಿಂದ ಬೀಗಕ್ಕೂ ಕಳವಿಗೂ ನಿಯತವಾದ ಸಂಬಂಧವಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ತೂಗತಕ್ಕದ್ದು.

ಮೊದಲನೆಯದು ಬೀಗದ ವಿಚಾರ. ಗೌತಮ ಧರ್ಮಸೂತ್ರವು ಒಡೆತನವು ಹುಟ್ಟುವ ದಾರಿಗಳನ್ನು ಎಣಿಸುವಲ್ಲಿ ದಾಯ, ಕ್ರಯ, ವಿಭಾಗ, ಪರಿಗ್ರಹ, ನಿಧಿಲಾಭ ಎಂಬ ಐದನ್ನು ಎಲ್ಲರಿಗೂ ಸಮಾನವಾಗಿ ಹೇಳಿದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕನ್ನಡನಾಡಿನಲ್ಲಿಯೇ ಇದ್ದು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು, ಸ್ವತ್ವವೆಂಬದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದಲ್ಲ, ಲೋಕವ್ಯವಹಾರದಿಂದಲೇ ಸಿದ್ಧವಾದದ್ದು ಎಂದು ಸಾಧಿಸಿದನು. ನವ್ಯನ್ಯಾಯದ ರಘುನಾಥ ಶಿರೋಮಣಿಯು ಸ್ವತ್ವವನ್ನು ಬೇರೆಯೇ ಒಂದು ಪದಾರ್ಥವೆಂದು ಎಣಿಸಿದನು. ತಾರ್ಕಿಕರಲ್ಲಿ ಪ್ರಸಿದ್ಧವಾದ ಒಂದು ಲಕ್ಷಣದಂತೆ ಸ್ವತ್ವವೆಂದರೆ ವಸ್ತುವನ್ನು ಇಚ್ಛೆಯಂತೆ ವಿನಿಯೋಗಿಸುವ ಯೋಗ್ಯತೆಯು. ಕ್ರಯದಿಂದ ಈ ಯೋಗ್ಯತೆಯು ಕೊಂಡವನಿಗೆ ಬರುತ್ತದೆ, ಮಾರಿದವನಲ್ಲಿ ಉಳಿಯುವದಿಲ್ಲ. ಮಾರಿಯೂ ಮಾರದಂತೆ ಕೀಲಿಯನ್ನು ತನ್ನಲ್ಲಿಯೇ ಇಟ್ಟುಕೊಳ್ಳುವವನು ಎರಡು ದೋಣಿಗಳಲ್ಲಿ ಕಾಲಿಟ್ಟವನು.

ಇದಕ್ಕೆ ಕಂಪನಿಗಳು ಹೇಳುವ ಉತ್ತರವಿದೆ. ಮಾರಿದ್ದು ಯಂತ್ರವನ್ನು ಮಾತ್ರ. ಒಳಗಿನ ವ್ಯವಸ್ಥೆಯನ್ನು ಬಳಸುವದಕ್ಕೆ ಪರವಾನಿಗೆಯನ್ನಷ್ಟೇ ಕೊಟ್ಟಿದೆ ಎಂದು. ಈ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರಿಗೆ ಇಂಥ ಹಂಚಿಹೋದ ಹಕ್ಕು ಹೊಸದಲ್ಲ. ಸೊಪ್ಪಿನ ಬೆಟ್ಟದಲ್ಲಿ ತೋಟದವನು ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು. ಆದರೆ ನೆಲವು ಸರಕಾರದ್ದು. ಸೊಪ್ಪಿನ ಹಕ್ಕಿದೆಯೆಂದು ಬೆಟ್ಟವನ್ನು ಮಾರಲಾಗದು. ನೆಲವು ತನ್ನದೆಂದು ಸರಕಾರವು ತೋಟಕ್ಕೆ ಸೊಪ್ಪೇ ಇಲ್ಲದಂತೆ ಮಾಡುವದೂ ನ್ಯಾಯವಾಗದು. ಒಂದೇ ವಸ್ತುವಿನಲ್ಲಿ ಇಬ್ಬರ ಹಕ್ಕು ಇರಬಹುದೆಂಬದು ಇದರಿಂದ ಸ್ಪಷ್ಟ. ಆದರೆ ಅಂಥ ಹಕ್ಕಿಗೆ ಒಂದು ನಿಯಮವುಂಟು: ಒಬ್ಬನ ಹಕ್ಕು ಇನ್ನೊಬ್ಬನ ಹಕ್ಕಿನ ಪ್ರಯೋಜನವನ್ನೇ ಇಲ್ಲವಾಗಿಸಬಾರದು. ಫೋನಿನ ಪ್ರಯೋಜನವು ಓದುವದು, ಬರೆಯುವದು, ಮಾತನಾಡುವದು. ತನ್ನ ಲಿಪಿಯಲ್ಲಿ ಓದಲಾಗದಂತೆ ತಡೆಯುವ ಬೀಗವು ಕೃತಿಯನ್ನು ಕಾಯುವ ಬೀಗವಲ್ಲ. ಅದು ಕೊಂಡವನನ್ನೇ ಹೊರಗಿಟ್ಟ ಬೀಗವು.

ರಾಜಶಾಸನವೂ ಕಾಲಕ್ರಮದಲ್ಲಿ ಈ ವಿವೇಕಕ್ಕೆ ಬಂದಿದೆ. ಅಮೇರಿಕೆಯಲ್ಲಿ 1998ರ ಕಾಯಿದೆಯು ಇಂಥ ಬೀಗಗಳನ್ನು ಒಡೆಯುವದನ್ನು ನಿಷೇಧಿಸಿತ್ತು. 2010ರ ಜುಲೈ ತಿಂಗಳಲ್ಲಿ, ಆ್ಯಪಲ್ ಕಂಪನಿಯು ವಿರೋಧಿಸಿದರೂ, ನ್ಯಾಯವಾಗಿ ಪಡೆದ ಆ್ಯಪುಗಳನ್ನು ನಡೆಸುವದಕ್ಕೋಸ್ಕರ ಫೋನಿನ ಬೀಗ ತೆಗೆಯುವದಕ್ಕೆ ಅಲ್ಲಿ ವಿನಾಯಿತಿಯನ್ನು ಕೊಡಲಾಯಿತು. ಭಾರತದಲ್ಲಿ 1957ರ ಕೃತಿಸ್ವಾಮ್ಯದ ಕಾಯಿದೆಗೆ 2012ರಲ್ಲಿ 65ಎ ಎಂಬ ಕಲಮನ್ನು ಸೇರಿಸಿದರು. ಕೃತಿಯ ಹಕ್ಕನ್ನು ಕಾಯುವ ತಾಂತ್ರಿಕ ಬೀಗವನ್ನು, ಆ ಹಕ್ಕನ್ನು ಭಂಗಿಸುವ ಉದ್ದೇಶದಿಂದ ಒಡೆದವನಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನೂ ದಂಡವನ್ನೂ ಅದು ವಿಧಿಸುತ್ತದೆ. ಇಲ್ಲಿ 'ಉದ್ದೇಶದಿಂದ' ಎಂಬ ಪದವು ಗಮನಾರ್ಹವಾದದ್ದು. ಕೈ ಮಾಡಿದ್ದನ್ನಷ್ಟೇ ನೋಡದೆ ಮನಸ್ಸಿನ ಸಂಕಲ್ಪವನ್ನೂ ನೋಡುವದು ಧರ್ಮಶಾಸ್ತ್ರದ ಹಳೆಯ ರೀತಿ. ಹೊಸ ಶಾಸನವು ಅದೇ ದಾರಿಯನ್ನು ಹಿಡಿದಿದೆ. ಅದೇ ಕಾಯಿದೆಯ 63ಬಿ ಕಲಮು, ಕದ್ದ ಪ್ರತಿಯೆಂದು ತಿಳಿದೂ ಗಣಕದ ಪ್ರೋಗ್ರಾಮನ್ನು ಬಳಸುವದನ್ನು ದಂಡನೀಯವೆಂದು ಹೇಳುತ್ತದೆ.

ಎರಡನೆಯದು ಕಳವಿನ ವಿಚಾರ. ಇಲ್ಲಿ ಪೂರ್ವಪಕ್ಷವನ್ನು ಹಗುರಾಗಿ ಎಣಿಸಬಾರದು; ಯಾಕಂದರೆ ಅದನ್ನು ಹಿಡಿದವರೆಲ್ಲರೂ ದುಷ್ಟರಲ್ಲ. ಅವರು ಮೂರು ಯುಕ್ತಿಗಳನ್ನು ಹೇಳುವರು.

ಮೊದಲನೆಯ ಯುಕ್ತಿಯು: ಆಕಳನ್ನು ಕದ್ದರೆ ಒಡೆಯನ ಕೊಟ್ಟಿಗೆ ಬರಿದಾಗುವದು, ಆ್ಯಪಿನ ನಕಲು ತೆಗೆದರೆ ಯಾರಿಗೂ ಏನೂ ಕಡಿಮೆಯಾಗುವದಿಲ್ಲ, ವಿದ್ಯೆಯನ್ನು ಕಳ್ಳರು ಒಯ್ಯಲಾರರೆಂದು ಹಿರಿಯರೇ ಹೇಳಿಲ್ಲವೇ? ಇದಕ್ಕೆ ಸಮಾಧಾನವು ದೂರವಿಲ್ಲ. ಡೇರೆ ಮೇಳದ ಆಟಕ್ಕೆ ತಿಕೀಟು ಕೊಳ್ಳದೆ ಬಟ್ಟೆಯ ಅಂಚನ್ನೆತ್ತಿ ನುಸುಳಿದವನು ಬರಿದಾಗಿದ್ದ ಕುರ್ಚಿಯಲ್ಲಿಯೇ ಕುಳಿತಿರಬಹುದು. ಅವನು ಕೇಳಿದ್ದರಿಂದ ಭಾಗವತರ ಪದವು ಉಳಿದವರಿಗೆ ಕಡಿಮೆಯಾಗಿರಲಾರದು. ಆದರೂ ಊರವರು ಅವನನ್ನು ಮೆಚ್ಚುವದಿಲ್ಲ. ಎಲ್ಲರೂ ಹಾಗೆಯೇ ನುಸುಳಿದರೆ ಮುಂದಿನ ವರ್ಷ ಮೇಳವೇ ಹೊರಡುವದಿಲ್ಲವೆಂಬದು ಅವರಿಗೆ ಗೊತ್ತು. ವಿದ್ಯೆಯು ಕಳ್ಳರಿಂದ ನಾಶವಾಗದೆಂಬ ಮಾತು ವಿದ್ಯಾವಂತನಿಗೆ ಧೈರ್ಯ ಹೇಳುತ್ತದೆಯೇ ಹೊರತು ಕಳ್ಳನಿಗೆ ಅನುಮತಿಯನ್ನು ಕೊಡುವದಿಲ್ಲ.

ಎರಡನೆಯ ಯುಕ್ತಿಯು: ಪ್ರತಿಮಾಡಿ ಹಂಚುವದು ಕನ್ನಡನಾಡಿನಲ್ಲಿ ಪುಣ್ಯವೆನಿಸಿತ್ತು; ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಲಿಲ್ಲವೇ? ಹಂಚಿದ್ದು ನಿಜ, ಆದರೆ ಹೇಗೆ ಹಂಚಿದಳೆಂಬದನ್ನೂ ನೋಡಬೇಕು. ಆ ಕಾವ್ಯವನ್ನು ಬರೆಯಿಸಿದವರು ಅವಳ ತಂದೆ ಮಲ್ಲಪ ಮತ್ತು ಅವನ ತಮ್ಮ ಪುನ್ನಮಯ್ಯ. ಪ್ರತಿಗಳನ್ನು ಅವಳು ಮಾಡಿಸಿದ್ದು ತನ್ನ ಸ್ವಂತ ಖರ್ಚಿನಿಂದ. ಕೃತಿಯು ಹುಟ್ಟಿದ್ದು ಆ ಮನೆತನದ ಆಶ್ರಯದಲ್ಲಿ. ಹರಡಿದ್ದು ಅದೇ ಮನೆತನದ ಧನದಿಂದ. ಆ ತಾಯಿಯು ತನ್ನದನ್ನು ವೆಚ್ಚಮಾಡಿ ದಾನಿಯಾದಳು. ಕದ್ದ ಆ್ಯಪನ್ನು ಹಂಚುವವನು ಇನ್ನೊಬ್ಬನದನ್ನು ವೆಚ್ಚಮಾಡಿ ದಾನಿಯೆನಿಸಿಕೊಳ್ಳುವನು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಮೂರನೆಯ ಯುಕ್ತಿಯು ಬಡತನದ್ದು, ಇದೇ ಬಲವಾದದ್ದು. ಡಾಲರಿನ ಲೆಕ್ಕದಲ್ಲಿ ಬೆಲೆಯಿಟ್ಟ ಆ್ಯಪನ್ನು ಕೂಲಿಕಾರನ ಮಗನು ಹೇಗೆ ಕೊಂಡಾನು? ಅವನ ಕಷ್ಟವು ನಿಜವಾದದ್ದು, ಬೆಲೆಯು ಅನ್ಯಾಯದ್ದಾಗಿರಲೂಬಹುದು. ಆದರೆ ಬೆಲೆ ಹೆಚ್ಚೆಂಬ ದೂರು ಬೆಲೆಯನ್ನು ಇಳಿಸುವಂತೆ ಕೇಳುವದಕ್ಕೆ ಕಾರಣವಾಗುವದು, ಬೇರೆ ಸಾಧನವನ್ನು ಹುಡುಕುವದಕ್ಕೆ ಕಾರಣವಾಗುವದು. ಕಳವನ್ನು ಕಳವಲ್ಲವೆನ್ನುವದಕ್ಕೆ ಕಾರಣವಾಗದು. ಅಲ್ಲದೆ ಬೇರೆ ಸಾಧನಗಳು ಇಲ್ಲದೆ ಇಲ್ಲ. ಬರೆಯುವದಕ್ಕೆ ಲಿಬ್ರೆ ಆಫೀಸ್, ಹಾಡು ಚಿತ್ರಗಳಿಗೆ ವಿ.ಎಲ್.ಸಿ. ಮೊದಲಾದವುಗಳನ್ನು ಮಾಡಿದವರೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಕೊಟ್ಟದ್ದು ಎದುರಿಗಿರುವಾಗ ಕೊಡದಿದ್ದುದನ್ನೇ ಎಳೆದುಕೊಳ್ಳುವದಕ್ಕೆ ಬಡತನವನ್ನು ಸಾಕ್ಷಿಗೆ ಕರೆಯುವದು ಬಡತನಕ್ಕೇ ಅಪಮಾನವು. ಇದಲ್ಲದೆ ಚಿಕ್ಕ ಆ್ಯಪುಗಳನ್ನು ಮಾಡುವವರೆಲ್ಲ ದೊಡ್ಡ ಕಂಪನಿಗಳಲ್ಲ. ಅವರಲ್ಲಿ ಎಷ್ಟೋ ಜನರು ಮನೆಯ ಮೂಲೆಯಲ್ಲಿ ಕುಳಿತು ದುಡಿಯುವ ಒಂಟಿಗರು. ಅವರ ಬಡತನವನ್ನೂ ಲೆಕ್ಕಕ್ಕೆ ಹಿಡಿಯಬೇಡವೇ?

ಈ ಯುಕ್ತಿಗಳೆಲ್ಲದರ ಆಚೆಗೆ ಇನ್ನೂ ಆಳವಾದ ಒಂದು ನಷ್ಟವಿದೆ. ಅದನ್ನು ತಿಳಿಯಲು ದಾನದ ಸ್ವರೂಪವನ್ನು ನೋಡಬೇಕು. ಯಲ್ಲಾಪುರ ತಾಲೂಕಿನ ಚಂದಗುಳಿಯ ಗಣಪತಿಗೆ ಹರಕೆ ಸಂದವರು ಗಂಟೆಯನ್ನು ಒಪ್ಪಿಸುವರು. ಅದರಿಂದಲೇ ಆ ದೇವರಿಗೆ ಘಂಟೆ ಗಣಪತಿಯೆಂಬ ಹೆಸರು. ಆ ಗಂಟೆಯ ನಾದಕ್ಕೆ ಯಾರೂ ಬೆಲೆ ಕೇಳುವದಿಲ್ಲ. ಅದು ಒಡೆಯನಿಲ್ಲದ ವಸ್ತುವಾದ್ದರಿಂದಲ್ಲ. ಒಡೆಯನಾಗಿದ್ದವನು ಮನಸಾರೆ ಒಪ್ಪಿಸಿದ್ದರಿಂದ. ಕಿನ್ನಿಕಂಬಳದ ಪದ್ಮನಾಭ ರಾಯರು, ಅಂದರೆ ಕೆ. ಪಿ. ರಾವ್ ಅವರು, ಗಣಕದಲ್ಲಿ ಕನ್ನಡವನ್ನು ಬರೆಯುವದಕ್ಕೆ ರೂಪಿಸಿದ ಕೀಲಿಮಣೆಯ ವಿನ್ಯಾಸವೂ ಹೀಗೆಯೇ. ಧ್ವನಿಯನ್ನನುಸರಿಸಿದ ಆ ವಿನ್ಯಾಸವನ್ನು ಕರ್ನಾಟಕ ಸರಕಾರವು ಪ್ರಮಾಣವಾಗಿ ಅಂಗೀಕರಿಸಿತು. 'ನುಡಿ' ತಂತ್ರಾಂಶದ ಮೂಲಕ ಅದು ಶಾಲೆ ಕಚೇರಿಗಳಿಗೆಲ್ಲ ಹರಡಿತು. ರಾಯರು ಅದರಿಂದ ಹಣವನ್ನು ಬಯಸಲಿಲ್ಲ. ಕೇಳಿದ್ದರೆ ಕೇಳಬಹುದಾಗಿತ್ತು, ಕೇಳದಿದ್ದುದರಿಂದಲೇ ಅದು ದಾನವಾಯಿತು.

ಕದ್ದ ಪ್ರತಿಯು ಕೃತಿಕಾರನಿಂದ ಕಸಿದುಕೊಳ್ಳುವದು ಇದನ್ನೇ. ಹಣವು ಹೋದದ್ದು ಚಿಕ್ಕ ನಷ್ಟ. ಮಾರಬೇಕೋ, ಕಡಿಮೆ ಬೆಲೆಗೆ ಕೊಡಬೇಕೋ, ಸುಮ್ಮನೆ ಕೊಡಬೇಕೋ ಎಂಬ ನಿರ್ಣಯವು ಅವನ ಕೈತಪ್ಪಿದ್ದು ದೊಡ್ಡ ನಷ್ಟ. ಆಗಲೇ ಒಯ್ದುದನ್ನು ಯಾರೂ ದಾನವಾಗಿ ಕೊಡಲಾರರು. ಆದುದರಿಂದ ಕಳವು ದುಡಿದವನ ಲಾಭವನ್ನು ಮಾತ್ರವಲ್ಲ, ಅವನ ಔದಾರ್ಯದ ಅವಕಾಶವನ್ನೂ ಅಪಹರಿಸುತ್ತದೆ.

ಇದೇ ದೃಷ್ಟಿಯಿಂದ ಕಂಪನಿಯ ಬೀಗವನ್ನು ಮತ್ತೆ ನೋಡಿದರೆ ಎರಡೂ ದೋಷಗಳ ಬೇರು ಒಂದೇ ಎಂದು ತಿಳಿಯುವದು. ಆ್ಯಪನ್ನು ಕದ್ದವನು ಮಾಡಿದವನ ನಿರ್ಣಯವನ್ನು ಕಸಿದುಕೊಂಡನು. ಮಾರಿದ ಫೋನಿಗೆ ಬೀಗ ಜಡಿದು ಕೀಲಿಯನ್ನು ಇಟ್ಟುಕೊಂಡವನು ಕೊಂಡವನ ನಿರ್ಣಯವನ್ನು ಕಸಿದುಕೊಂಡನು. ಒಬ್ಬನ ದೋಷದಿಂದ ಇನ್ನೊಬ್ಬನ ದೋಷವು ತೊಳೆದುಹೋಗುವದಿಲ್ಲ. ಕಳ್ಳರಿದ್ದಾರೆಂದು ಕಂಪನಿಯು ಎಲ್ಲರಿಗೂ ಬೀಗ ಹಾಕುವದೂ, ಬೀಗವಿದೆಯೆಂದು ಬಳಸುವವನು ಕದಿಯುವದೂ ಸಮಾನವಾದ ತಪ್ಪು ತರ್ಕಗಳು.

ಬೀಗ ತೆಗೆಯುವವನಿಗೂ ಕರ್ತವ್ಯಗಳುಂಟು. ಬೀಗವು ಅನೇಕ ವೇಳೆ ಕೊಂಡವನ ರಕ್ಷಣೆಗೂ ಇರುತ್ತದೆ. ಅದನ್ನು ತೆಗೆದ ಫೋನಿನಲ್ಲಿ ಬ್ಯಾಂಕಿನ ಎಷ್ಟೋ ಆ್ಯಪುಗಳು ನಡೆಯಲೊಪ್ಪುವದಿಲ್ಲ, ದುಷ್ಟ ಪ್ರೋಗ್ರಾಮುಗಳು ಸುಲಭವಾಗಿ ಒಳಹೊಗಬಹುದು, ಫೋನೇ ಕೆಟ್ಟರೂ ಕೆಡಬಹುದು. ಇಚ್ಛೆಯಂತೆ ವಿನಿಯೋಗಿಸುವ ಯೋಗ್ಯತೆಯು ತನ್ನದಾದರೆ ಅದರ ಫಲವೂ ತನ್ನದೇ. ಕೆಟ್ಟ ಮೇಲೆ ಮಾರಿದವನನ್ನು ದೂರತಕ್ಕದ್ದಲ್ಲ. ಹಾಗೆಯೇ ತೆರೆದ ಬಾಗಿಲಿನಿಂದ ಪರರ ಸೊತ್ತು ಒಳಗೆ ಬಾರದಂತೆ ನೋಡಿಕೊಳ್ಳುವ ಹೊಣೆಯೂ ತೆರೆದವನದೇ.

ಮಗನು ಫೋನಿನ ಬೀಗ ತೆಗೆದನೆಂದು ಕೇಳಿದ ಕೂಡಲೆ ಅವನನ್ನು ಕಳ್ಳನೆನ್ನುವ ತಂದೆಯು ಅವಸರದವನು. ಫೋನು ತನ್ನದೆಂದು ಅದರೊಳಗಿರುವದೆಲ್ಲವೂ ತನ್ನದೆನ್ನುವ ಮಗನು ಅವಿವೇಕಿ. ತಂದೆಯು ಕೇಳಬೇಕಾದ ಪ್ರಶ್ನೆಯು 'ಯಾಕೆ ತೆಗೆದೆ?' ಎಂಬದು; ಮಗನು ತನ್ನನ್ನು ಕೇಳಿಕೊಳ್ಳಬೇಕಾದದ್ದು 'ಒಳಗೆ ತಂದದ್ದನ್ನು ಕೊಟ್ಟವರು ಯಾರು?' ಎಂಬದು. ಎರಡಕ್ಕೂ ಮುಚ್ಚುಮರೆಯಿಲ್ಲದ ಉತ್ತರವಿರುವ ಮನೆಯಲ್ಲಿ ಬೀಗವು ತೆರೆದಿದ್ದರೂ ಧರ್ಮಕ್ಕೆ ಚ್ಯುತಿಯಿಲ್ಲ.