ಇವನಾ, ಇವನ ಅಪ್ಪ ಅಮ್ಮನಾ? (ಯೋಹಾನ 9)

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಜಾಗ ಇದೆ. ಲೇಟಾಗಿ ಬಂದೋರು ನಾಚಿಕೊಳ್ಳಬೇಡಿ, ಹೆಬ್ಬಾಳ ಫ್ಲೈಓವರ್ ಇವತ್ತು ನನಗೂ ಇಪ್ಪತ್ತು ನಿಮಿಷ ತಾಳ್ಮೆಯ ಪಾಠ ಮಾಡಿದೆ.

ಬೈಬಲ್ ತೆಗೀರಿ, ಫೋನಲ್ಲಾದರೂ ಸರಿ. ಯೋಹಾನನ ಸುವಾರ್ತೆ, 9ನೇ ಅಧ್ಯಾಯ. ಹುಟ್ಟು ಕುರುಡನೊಬ್ಬ ದಾರಿಯಲ್ಲಿ ಕೂತಿದ್ದಾನೆ. ಶಿಷ್ಯರು ಅವನನ್ನ ನೋಡಿ ಯೇಸು ಸ್ವಾಮಿಯ ಹತ್ರ ಕೇಳ್ತಾರೆ: ಇವನು ಹೀಗೆ ಹುಟ್ಟೋದಕ್ಕೆ ಪಾಪ ಮಾಡಿದ್ದು ಯಾರು, ಇವನಾ, ಇವನ ಅಪ್ಪ ಅಮ್ಮನಾ?

ಶಿಷ್ಯರು ಕೆಟ್ಟವರಲ್ಲ. ಅವರಿಗೆ ಊರು ಕಲಿಸಿದ್ದೇ ಅಷ್ಟು. ಕುರುಡ ಅಂದ್ರೆ ಪಾಪ, ಪಾಪ ಅಂದ್ರೆ ಯಾರದೋ ಒಬ್ಬರದ್ದು. ಆ ಮನುಷ್ಯ ಅಲ್ಲೇ ಕೂತಿದ್ದಾನೆ, ಅವನಿಗೆ ಕಣ್ಣಿಲ್ಲ ಅಷ್ಟೇ, ಕಿವಿ ಚೆನ್ನಾಗೇ ಕೇಳ್ಸುತ್ತೆ! ಅವನ ಮುಂದೆನೇ ಅವನ ಮೇಲೆ ಚರ್ಚೆ. ಯೇಸು ಸ್ವಾಮಿ ಎರಡರಲ್ಲಿ ಒಂದನ್ನೂ ಆರಿಸಲಿಲ್ಲ. ಇವನೂ ಅಲ್ಲ, ಅವರೂ ಅಲ್ಲ, ದೇವರ ಕೆಲಸ ಇವನಲ್ಲಿ ಕಾಣಿಸಬೇಕು ಅಂದರು. ಅಂದು ಸುಮ್ಮನಾಗಲಿಲ್ಲ. ನೆಲಕ್ಕೆ ಉಗುಳಿ, ಕೆಸರು ಮಾಡಿ, ಅವನ ಕಣ್ಣಿಗೆ ಹಚ್ಚಿ, ಸಿಲೋವ ಕೊಳಕ್ಕೆ ಹೋಗಿ ತೊಳ್ಕೋ ಅಂತ ಕಳಿಸಿದರು.

ಈಗ ನಮ್ಮ ಕಥೆಗೆ ಬರೋಣ. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಸಂಜೆ ಮನೆಯಲ್ಲಿ ಕೇಳೋದೇನು? ಸೈನ್ಸಾ, ಕಾಮರ್ಸಾ? ಸೈನ್ಸ್ ತಗೊಂಡ್ರೆ ಡಾಕ್ಟರಾ, ಇಂಜಿನಿಯರಾ? ಕೆಲಸ ಸಿಕ್ಕಿದ ಮೇಲೆ ಆನ್‌ಸೈಟಾ, ಮದುವೆನಾ? ಸಭೆಯವರು ನಾವೇನು ಕಮ್ಮಿ? ನಾವೂ ನಮ್ಮ ಪಾಲಿಂದು ಸೇರಿಸ್ತೀವಿ: ಲೋಕದ ಕೆಲಸನಾ, ಪೂರ್ಣಕಾಲಿಕ ಸೇವೆನಾ? ಆಮೇಲೆ ನೀವು ಮೂರು ದಿನ ಉಪವಾಸ ಕೂತು ಅಳ್ತೀರಿ, ಕರ್ತನೇ, ಈ ಎರಡರಲ್ಲಿ ನಿನ್ನ ಚಿತ್ತ ಯಾವುದು ಅಂತ. ಉತ್ತರ ಬರಲ್ಲ. ಬರದೇ ಇದ್ದಾಗ ನಿಮ್ಮ ಭಕ್ತಿಯಲ್ಲೇ ಕೊರತೆ ಅನ್ಕೊಳ್ತೀರಿ. ಆ ಎರಡನ್ನ ನಿಮ್ಮ ಕೈಗೆ ಕೊಟ್ಟಿದ್ದು ಯಾರು ಅಂತ ಒಂದು ಸಲನೂ ಕೇಳಲ್ಲ.

(ತಮ್ಮಂದಿರೇ, ಇದನ್ನ ಹಿಡ್ಕೊಂಡು ನಾಳೆ ದೇವರ ಆಜ್ಞೆಗಳೂ ಬರೀ ಆಯ್ಕೆ ಅಂತ ನನಗೆ ವಾಟ್ಸಾಪ್ ಮಾಡಬೇಡಿ. ವ್ಯಭಿಚಾರ ಮಾಡಬಾರದು ಅನ್ನೋದಕ್ಕೆ ಮೂರನೇ ದಾರಿ ಇಲ್ಲ. ನಾನು ಹೇಳ್ತಿರೋದು ಮನುಷ್ಯರು ಬರೆದ ಪಟ್ಟಿಯ ಬಗ್ಗೆ.)

ಇದನ್ನ ನಾನು ತಡವಾಗಿ ಕಲಿತೆ. ಎರಡು ವರ್ಷದ ಹಿಂದೆ ಬುಧವಾರದ ಉಪವಾಸ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ತಂಗಿ ನನ್ನ ಹತ್ರ ಬಂದಳು. ಅಪ್ಪ ಇಲ್ಲ. ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಅವಳ ಸಂಬಳದಿಂದಲೇ ಮನೆ ನಡೀತಿತ್ತು. ವಿಶ್ವಾಸಿಗಳ ಮನೆಯಿಂದಲೇ ಒಂದು ಸಂಬಂಧ ಬಂದಿತ್ತು, ಆದರೆ ಕೆಲಸ ಬಿಡಬೇಕು, ತಾಯಿಗೆ ದುಡ್ಡು ಕಳಿಸಬಾರದು ಅನ್ನೋ ಷರತ್ತು. ನಾನು ಏನು ಹೇಳಿದೆ ಗೊತ್ತಾ? ಒಂದೋ ಈ ಸಂಬಂಧ ಒಪ್ಕೋ, ಇಲ್ಲಾ ಮದುವೆ ಆಸೆ ಬಿಟ್ಟು ಸೇವೆಗೆ ಒಪ್ಪಿಸ್ಕೋ, ಕರ್ತನ ಮುಂದೆ ತೀರ್ಮಾನ ಮಾಡಮ್ಮ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಪಾಸ್ಟರ್, ಇರೋದು ಇವೆರಡೇ ಅಂತ ಹೇಳಿದ್ದು ಕರ್ತನಾ, ನೀವಾ?"

ನನಗೆ ಕೋಪ ಬಂತು. ತಗ್ಗಿಸಿಕೊಳ್ಳೋದು ಕಲಿ ಅಂತ ಹೇಳಿ ಕಳಿಸಿದೆ. ಮುಂದಿನ ಭಾನುವಾರದಿಂದ ಅವಳು ಬರಲಿಲ್ಲ.

ಆ ದಿನಗಳಲ್ಲೇ ನಾನು ಪಂಡಿತಾ ರಮಾಬಾಯಿ ಅವರ ಬಗ್ಗೆ ಓದ್ತಾ ಇದ್ದೆ. ಪೆಂತೆಕೊಸ್ತರಾದ ನಾವು ಅಜೂಸಾ ಸ್ಟ್ರೀಟ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ. ಅದು ಶುರುವಾಗಿದ್ದು 1906ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು, 1905ರ ಜೂನ್ ಕೊನೆಯಲ್ಲಿ, ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ರಮಾಬಾಯಿ ಅವರ ಮುಕ್ತಿ ಮಿಷನ್‌ನಲ್ಲಿ ಪವಿತ್ರಾತ್ಮನ ಸುರಿಸುವಿಕೆ ಆಯ್ತು. ಅಲ್ಲಿ ಪ್ರಾರ್ಥಿಸ್ತಾ ಇದ್ದವರು ದೊಡ್ಡ ಬೋಧಕರಲ್ಲ, ಬರಗಾಲದಲ್ಲಿ ದಿಕ್ಕಿಲ್ಲದೆ ಬಂದ ಹೆಣ್ಣುಮಕ್ಕಳು, ವಿಧವೆಯರು. ಯಲಹಂಕದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ, ದೌಂಡ್ ದಾಟಿ ಪುಣೆ ಮುಟ್ಟೋದಕ್ಕೆ ಮೊದಲು ಆ ಊರು ಕಿಟಕಿ ಪಕ್ಕದಲ್ಲೇ ಹಾದುಹೋಗುತ್ತೆ.

ಆಕೆ ನಮ್ಮ ನೆಲದವರು. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ್ದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸ್ತೀನಿ ಅಂದಾಗ ಜನ ಒಪ್ಪಲಿಲ್ಲ, ಹೋಗಿ ಕಾಡಲ್ಲಿ ಮನೆ ಕಟ್ಟಿ ಕಲಿಸಿದರು. ಆ ತಾಯಿಯೇ ಮಗಳಿಗೆ ಕಲಿಸಿದ್ದು. ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ತೀರಿಕೊಂಡರು. ಅಣ್ಣನ ಜೊತೆ ದೇಶವೆಲ್ಲ ನಡೆದು 1878ರಲ್ಲಿ ಕಲ್ಕತ್ತಾ ತಲುಪಿದಾಗ ಅಲ್ಲಿನ ವಿದ್ವಾಂಸರು ಪಂಡಿತಾ ಅಂತ ಬಿರುದು ಕೊಟ್ಟರು. ಅಣ್ಣನೂ ಹೋದರು. ಮದುವೆಯಾಗಿ ಎರಡು ವರ್ಷ ತುಂಬೋದರೊಳಗೆ, 1882ರಲ್ಲಿ, ಗಂಡನೂ ಹೋದರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

ಆ ಕಾಲದ ಬ್ರಾಹ್ಮಣ ವಿಧವೆಗೆ ಸಮಾಜ ಇಟ್ಟಿದ್ದ ದಾರಿ ನಿಮಗೆ ಗೊತ್ತು: ತಲೆ ಬೋಳಿಸಿಕೊಂಡು ಮನೆಯ ಮೂಲೆ. ಆಕೆ ಪುಣೆಗೆ ಹೋಗಿ ಹೆಂಗಸರ ಸಂಘ ಕಟ್ಟಿದರು. ಡಾಕ್ಟರ್ ಆಗಬೇಕು ಅಂತ ಇಂಗ್ಲೆಂಡಿಗೆ ಹೋದರು, ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲವಾದ್ದರಿಂದ ಅದು ಆಗಲಿಲ್ಲ. 1883ರಲ್ಲಿ ಮಗಳ ಜೊತೆ ದೀಕ್ಷಾಸ್ನಾನ ತೆಗೆದುಕೊಂಡರು.

ಇಲ್ಲಿ ನಾವು ಹಲ್ಲೆಲೂಯ ಅಂತ ಚಪ್ಪಾಳೆ ತಟ್ಟಿ ನಿಲ್ಲಿಸ್ತೀವಿ. ನಿಲ್ಲಿಸಬೇಡಿ. ಈಗ ಚರ್ಚಿನವರು ತಮ್ಮ ಪಟ್ಟಿ ತೆಗೆದರು. ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿದ್ದಾಗ ಗಂಡುಹುಡುಗರಿಗೂ ಪಾಠ ಹೇಳೋ ಮಾತು ಬಂದರೆ ಭಾರತದಲ್ಲಿದ್ದ ಬಿಷಪ್‌ಗಳು ಬೇಡ ಅಂದರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ಆಕೆ ಕೇಳಿದರೆ ಅದೂ ತಪ್ಪಾಯ್ತು. ಮಾಂಸ ತಿನ್ನಲ್ಲ ಅಂದರೆ ಅದೂ ಅಹಂಕಾರ. ಹಿಂದೂ ಹೆಣ್ಣಾಗಿರು, ಇಲ್ಲಾ ಇಂಗ್ಲಿಷ್ ಕ್ರೈಸ್ತಳಾಗು ಅನ್ನೋ ಹಾಗೆ. ಆಕೆ ಕ್ರಿಸ್ತನನ್ನ ಬಿಡಲಿಲ್ಲ, ಸೀರೆಯನ್ನೂ ಬಿಡಲಿಲ್ಲ. ವಾಪಸ್ ಬಂದು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. 1893ರಲ್ಲಿ, ಪುಣೆಗೆ ಬಂದಿದ್ದ ಅದೇ ಸದನದಲ್ಲಿ ಮತಾಂತರದ ಗಲಾಟೆ ಎದ್ದು, ಎಷ್ಟೋ ಮನೆಯವರು ಹುಡುಗಿಯರನ್ನ ಬಿಡಿಸಿಕೊಂಡು ಹೋದರು. ಆಕೆ ಮುಚ್ಚಲಿಲ್ಲ. ಮುಂದೆ 1912ರಲ್ಲಿ ನಮ್ಮ ಕಲಬುರಗಿಯಲ್ಲೂ ಶಾಲೆ ತೆರೆದರು, ಮಗಳು ಮನೋರಮಾ ಅದನ್ನ ನೋಡಿಕೊಂಡರು. ಎರಡೂ ಕಡೆಯವರಿಂದ ಬೈಸಿಕೊಂಡ ಆ ಕಿವಿ ಮಂದವಾದ ವಿಧವೆಯ ಅಂಗಳದಲ್ಲೇ ಪವಿತ್ರಾತ್ಮ ಇಳಿದಿದ್ದು.

ಓದಿ ಪುಸ್ತಕ ಮುಚ್ಚಿಟ್ಟೆ. ನನ್ನ ಕಿವಿಯಲ್ಲಿ ಆ ತಂಗಿಯ ಪ್ರಶ್ನೆ ಇತ್ತು.

ಮತ್ತೆ ಯೋಹಾನ 9. ಕಣ್ಣು ಬಂದವನಿಗೆ ಹಾರ ಹಾಕಲಿಲ್ಲ. ಅಪ್ಪ ಅಮ್ಮನೇ ಹೆದರಿ, ಅವನಿಗೆ ವಯಸ್ಸಾಗಿದೆ, ಅವನನ್ನೇ ಕೇಳಿ ಅಂದರು. ಫರಿಸಾಯರು ಮತ್ತೆ ಎರಡೇ ಇಟ್ಟರು: ಆ ಯೇಸುವನ್ನ ಪಾಪಿ ಅನ್ನು, ಇಲ್ಲಾ ಹೊರಗೆ ನಡಿ. ಅವನು ತನಗೆ ಗೊತ್ತಿದ್ದಷ್ಟು ಹೇಳಿದ, ಕುರುಡನಾಗಿದ್ದೆ, ಈಗ ಕಾಣ್ತಿದೆ ಅಂತ. ಹೊರಗೆ ಹಾಕಿದರು. ಯುವಜನರೇ, ಇದರ ಬೆಲೆ ನಿಮಗೆ ಮರೆಮಾಚಲ್ಲ. ಸಂಬಂಧ ತಪ್ಪಬಹುದು. ಮನೆಯಲ್ಲಿ ಊಟದ ಹೊತ್ತಿಗೆ ಮಾತು ನಿಲ್ಲಬಹುದು. ಸಭೆಯಲ್ಲೇ ಗುಸುಗುಸು ಶುರುವಾಗಬಹುದು. ಆದರೆ ಅವನನ್ನ ಹೊರಗೆ ಹಾಕಿದ್ದಾರೆ ಅಂತ ಕೇಳಿದ ಮೇಲೆ ಯೇಸು ಸ್ವಾಮಿ ಏನು ಮಾಡಿದರು ನೋಡಿ. ಅವನನ್ನ ಹುಡುಕಿ ಕಂಡುಕೊಂಡರು. ಅವನು ಯೇಸುವಿನ ಮುಖವನ್ನ ಮೊದಲ ಸಲ ನೋಡಿದ್ದು ಆವಾಗಲೇ.

ಎಂಟು ತಿಂಗಳಾದ ಮೇಲೆ ನಾನೂ ಹುಡುಕಿಕೊಂಡು ಹೋದೆ, ಆರ್.ಟಿ. ನಗರದ ಆ ಮನೆಗೆ. ತಾಯಿ ಬಾಗಿಲು ತೆಗೆದರು, ಒಳಗೆ ಕರೆದರು, ಟೀ ಕೊಟ್ಟರು. ಆ ತಂಗಿಯ ಮುಂದೆ ಹೇಳಿದೆ: ಅಮ್ಮ, ಹೇಳಿದ್ದು ಕರ್ತನಲ್ಲ, ನಾನು. ಕ್ಷಮಿಸು ಅಂತ. ಅವಳು ತಕ್ಷಣ ಏನೂ ಅನ್ನಲಿಲ್ಲ. ಆ ಸಂಬಂಧ ಅವಳೇ ಬೇಡ ಅಂದಿದ್ದಳು, ಕೆಲಸದಲ್ಲಿದ್ದಳು, ಬೇರೆ ಸಭೆಗೆ ಹೋಗ್ತಿದ್ದಳು, ಈಗಲೂ ಅಲ್ಲೇ ಹೋಗ್ತಾಳೆ. ವಾಪಸ್ ಬಾ ಅಂತ ನಾನು ಕೇಳಲಿಲ್ಲ. ಹೊರಡೋವಾಗ ಅವಳೇ ಕೇಳಿದಳು, ಅಮ್ಮನ ಮೊಣಕಾಲಿಗೆ ಪ್ರಾರ್ಥನೆ ಮಾಡಿ ಹೋಗಿ ಪಾಸ್ಟರ್ ಅಂತ. ಇವತ್ತು ಇದನ್ನ ಅವಳ ಒಪ್ಪಿಗೆಯಿಂದಲೇ ಹೇಳ್ತಿದ್ದೀನಿ.

ಎದ್ದು ನಿಲ್ಲಿ. ಸಂಗೀತದವರು ನಿಧಾನಕ್ಕೆ ನುಡಿಸಿ. ಯಾರೋ ಇಟ್ಟ ಎರಡು ಮಾತಿನ ಮಧ್ಯೆ ಸಿಕ್ಕಾಕೊಂಡಿರೋರು ಮುಂದೆ ಬನ್ನಿ, ಹೆಸರು ಹೇಳೋ ಅಗತ್ಯ ಇಲ್ಲ. ಹಿರಿಯರೇ, ಇಟ್ಟವರು ನಾವಾಗಿದ್ದರೆ ನಾವೂ ಬರೋಣ, ನಾನೇ ಮೊದಲು ಮೊಣಕಾಲೂರ್ತೀನಿ.

ಕರ್ತನಾದ ಯೇಸುವೇ, ಈ ಮಕ್ಕಳ ಕಣ್ಣಿಗೆ ನಿನ್ನ ಕೈ ಹಚ್ಚು. ತೊಳ್ಕೊಳ್ಳೋಕೆ ಎಲ್ಲಿಗೆ ಹೋಗಬೇಕು ಅಂತ ನೀನೇ ಹೇಳು. ಹೊರಗೆ ಹಾಕಿಸಿಕೊಂಡವರನ್ನ ಇವತ್ತು ಹುಡುಕು ತಂದೆಯೇ, ನಾವು ಹಾಕಿದವರನ್ನೂ. ಯೇಸುವಿನ ನಾಮದಲ್ಲಿ, ಆಮೆನ್.