ಕಣ ಬೇರೆ, ಕೀರ್ತಿ ಬೇರೆ



ಕಂಬಂ ಕಣಿವೆಯ ಕಡೆ ಸಂಚಾರ ಹೋದಾಗ ಒಬ್ಬ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ನಮಗೆ ಬಿನ್ನಹವಿತ್ತು. ಪ್ರಸಾದವಾದ ಮೇಲೆ ಯಜಮಾನರು ಮೆಲ್ಲಗೆ ಮಾತು ತೆಗೆದರು. ಅವರ ಮಗ ಒಳ್ಳೆಯ ಓಟಗಾರ. 14 ವರ್ಷದೊಳಗಿನ ಹುಡುಗರ ಓಟದಲ್ಲಿ ಗೆದ್ದು ಬಂದಿದ್ದ, ಊರವರು ಹಾರ ಹಾಕಿದ್ದರು. ಆಮೇಲೆ ವಯಸ್ಸಿನ ದಾಖಲೆ ಸುಳ್ಳೆಂದು ಹೊರಬಿತ್ತು. ಹುಡುಗನಿಗೆ ಆಗಲೇ ಹದಿನೈದು ತುಂಬಿತ್ತು. ಹಾರ ಹಾಕಿದವರೇ ಅವನನ್ನು ಕಂಡು ನಗತೊಡಗಿದರು. ಹುಡುಗ ಓಟ ಬಿಟ್ಟ, ಮೈದಾನದ ದಾರಿಯನ್ನೂ ಬಿಟ್ಟ. "ಬುದ್ಧೀ, ದೊಡ್ಡ ದೊಡ್ಡ ಆಟಗಾರರು ತಪ್ಪು ಮಾಡಿ ಮತ್ತೆ ಮೆರೆಯುತ್ತಾರೆ. ನನ್ನ ಮಗನಿಗೆ ಮಾತ್ರ ಯಾಕೆ ಈ ಶಿಕ್ಷೆ?" ಎಂದು ಅವರು ಕೇಳಿದರು.

ಆ ಹೊತ್ತಿಗೆ ನಾವು ಉತ್ತರ ಕೊಡಲಿಲ್ಲ. ಈಗ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇವೆ.

ಅವರು ಹೇಳಿದ್ದರಲ್ಲಿ ಸತ್ಯವಿದೆ. ಕ್ರಿಕೆಟ್ಟಿನ ಅಜರುದ್ದೀನರನ್ನೇ ನೋಡಿ. 2000ದಲ್ಲಿ ಮೋಸದಾಟದ ಆರೋಪದ ಮೇಲೆ ಅವರಿಗೆ ಆಜೀವ ನಿಷೇಧವಾಯಿತು. 2009ರಲ್ಲಿ ಲೋಕಸಭೆಗೆ ಆರಿಸಿಬಂದರು. 2012ರಲ್ಲಿ ಹೈಕೋರ್ಟು ಆ ನಿಷೇಧ ಕಾನೂನಿಗೆ ಸರಿಯಲ್ಲವೆಂದಿತು. 2019ರಲ್ಲಿ ಹೈದರಾಬಾದ್ ಕ್ರಿಕೆಟ್ ಸಂಸ್ಥೆಗೆ ಅಧ್ಯಕ್ಷರೂ ಆದರು. ನ್ಯಾಯಾಲಯದ ಮಾತಿನ ಮೇಲೆ ನಾವು ಮಾತಾಡುವುದಿಲ್ಲ. ಆದರೆ ಹೆಸರಿದ್ದವರಿಗೆ ಬಾಗಿಲುಗಳು ಬಹಳ ಎಂಬುದಂತೂ ಕಾಣುತ್ತದೆ.

ದಿಂಡಿಗಲ್ಲಿಗೆ ನೆರೆಯಾದ ತಿರುಚ್ಚಿಯ ಕಡೆ ಮುಡಿಕಂಡಂ ಎಂಬ ಹಳ್ಳಿ ಇದೆ. ಬಡ ಕೃಷಿ ಕುಟುಂಬದ ಗೋಮತಿ ಮಾರಿಮುತ್ತು ಆ ಊರಿನವರು. 2019ರಲ್ಲಿ ದೋಹಾದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 800 ಮೀಟರ್ ಓಡಿ ಚಿನ್ನ ಗೆದ್ದರು. ಇಡೀ ತಮಿಳುನಾಡು ಕೊಂಡಾಡಿತು. ಮದ್ದಿನ ಪರೀಕ್ಷೆಯಲ್ಲಿ ನ್ಯಾಂಡ್ರೊಲೋನ್ ಕಂಡುಬಂದು ಪದಕ ಹೋಯಿತು, ನಾಲ್ಕು ವರ್ಷ ನಿಷೇಧವಾಯಿತು. ತಾನು ತಿಳಿದು ತೆಗೆದುಕೊಂಡಿಲ್ಲ ಎಂದೇ ಆಕೆ ಹೇಳಿದರು. ಕೊಂಡಾಡಿದ ಬಾಯಿಗಳು ಎಷ್ಟು ಬೇಗ ಮುಚ್ಚಿದವು!

ನಮ್ಮ ಉಡುಪಿ ಜಿಲ್ಲೆಯ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ ಅವರೂ ಕೃಷಿಕರ ಮನೆಯವರೇ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ ತಂದರು. ಮರುವರ್ಷವೇ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿದರು. ವಿದೇಶದ ತರಬೇತುದಾರ ಕೊಟ್ಟ ಶಕ್ತಿವರ್ಧಕದಿಂದ ಹೀಗಾಯಿತೆಂಬುದು ಅವರ ವಾದವಾಗಿತ್ತು. ಮೊದಲು ಒಂದು ವರ್ಷದ ನಿಷೇಧ. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷ ಮಾಡಿತು. ಶಿಕ್ಷೆ ಮುಗಿಸಿಕೊಂಡು ಆಕೆ ಮತ್ತೆ ಓಡಲು ಬಂದರು. ಹಳೆಯ ಜಯಘೋಷ ಮಾತ್ರ ಮರಳಿ ಬರಲಿಲ್ಲ.

ಬಂದದ್ದು ಸರಿಯೇ? ಸರಿ ಎನ್ನುತ್ತೇವೆ ನಾವು. ಓಟ ಆಕೆಯ ಕಾಯಕ. ಶಿಕ್ಷೆ ತೀರಿದ ಮೇಲೆ ಕಾಯಕದ ಕಣಕ್ಕೆ ಯಾರೂ ಬೇಲಿ ಹಾಕಬಾರದು. ಒಂದು ಬೆಳೆ ಕೆಟ್ಟಿತೆಂದು ಒಕ್ಕಲಿಗನ ನೇಗಿಲನ್ನು ಕಸಿದುಕೊಳ್ಳುವುದುಂಟೆ? ಕೀರ್ತಿಯ ಮಾತು ಬೇರೆ. ಅದನ್ನು ಯಾರೂ ಹಕ್ಕೆಂದು ಕೇಳುವಂತಿಲ್ಲ. ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರ ಬಲ್ಲವರು ಯೋಚಿಸಿ ನೋಡಿ. ಕಾಯಿಗೆ ಹಸಿರು ಬಣ್ಣ ಹಾಕಿ ಸಿಕ್ಕಿಬಿದ್ದವನು ದಂಡ ಕಟ್ಟಿ ಮತ್ತೆ ಹರಾಜಿಗೆ ಬರಬಹುದು. ಆದರೆ ಅವನ ಚೀಲವನ್ನು ನೀವು ಬಿಚ್ಚಿ ನೋಡದೆ ಕೊಳ್ಳುತ್ತೀರಾ? ಹತ್ತು ಸುಗ್ಗಿ ನೋಡುತ್ತೀರಿ. ಹನ್ನೊಂದನೆಯದಕ್ಕೆ ನಂಬಿದರೂ ನಂಬಬಹುದು. ಅದು ಕೊಳ್ಳುವವನ ಇಷ್ಟ.

ಶರಣರಲ್ಲಿ ಇದಕ್ಕೆ ದಾರಿ ಇದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದರು. ಮಾರಯ್ಯನವರು ಕಾಯಕ ಬಿಡಲಿಲ್ಲ. ಆದರೆ ಮೊದಲು ಸುರಿದರು. ಅಕ್ಕಿಯನ್ನು ಮಡಿಲಲ್ಲೇ ಇಟ್ಟುಕೊಂಡು ನನ್ನನ್ನು ಕ್ಷಮಿಸಿ ಎನ್ನುವವರು ಈಗ ಬಹಳ ಮಂದಿ.

ಇನ್ನು ಉರಿಲಿಂಗಪೆದ್ದಿಗಳು. ಮೊದಲು ಅವರು ಕಳ್ಳರು. ಕದಿಯಲು ಹೋದ ಮನೆಯಲ್ಲಿ ಉರಿಲಿಂಗದೇವರು ಲಿಂಗದೀಕ್ಷೆ ಕೊಡುವುದನ್ನು ಕಂಡು ಮನಸ್ಸು ತಿರುಗಿತು. ಅವರು ಗುರುವಿನಲ್ಲಿ ಪೀಠ ಕೇಳಲಿಲ್ಲ. ದಿನಾ ಮಠಕ್ಕೆ ಸೌದೆ ಹೊರೆ ತಂದು ಹಾಕಿದರು. ಕಡೆಗೆ ಆ ಗುರುಪೀಠಕ್ಕೇ ಬಂದರು. ಒಂದು ಮಾತು ಗಮನಿಸಿ: ಇಷ್ಟು ದೊಡ್ಡವರಾದರೂ ಅವರ ಕಥೆಯನ್ನು ಕಳ್ಳತನ ಬಿಟ್ಟು ಯಾರೂ ಹೇಳುವುದಿಲ್ಲ. ಅದನ್ನು ಮರೆಮಾಚಿ ನಾವು ಅವರನ್ನು ಪೂಜಿಸುವುದಿಲ್ಲ. ಇಂದು ಮರಳಿ ಬರುವ ಆಟಗಾರರ ಸುತ್ತ ಇರುವವರು ಹಳೆಯದನ್ನು ಅಳಿಸಿಬಿಡಿ ಎನ್ನುತ್ತಾರೆ. ಅಳಿಸಿದರೆ ಹೊತ್ತ ಸೌದೆಗೂ ಬೆಲೆಯಿಲ್ಲದಂತಾಗುತ್ತದೆ.

ಇನ್ನೊಬ್ಬ ತಾಯಿಯ ಹೆಸರನ್ನು ಇಲ್ಲಿ ಹೇಳದಿದ್ದರೆ ನಮಗೆ ಸಮಾಧಾನವಿಲ್ಲ. ಪುದುಕೋಟೆ ಜಿಲ್ಲೆಯ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರಿನಲ್ಲಿ ಬೆಳ್ಳಿ ಗೆದ್ದವರು. ಲಿಂಗಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಆಕೆ ಮದ್ದು ತಿಂದಿರಲಿಲ್ಲ, ಯಾರಿಗೂ ಮೋಸ ಮಾಡಿರಲಿಲ್ಲ. ಹುಟ್ಟಿದ ದೇಹಕ್ಕೇ ಅವಮಾನವಾಯಿತು. ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡಿದರು. ಮುಂದೆ ತರಬೇತಿಯ ವಿದ್ಯೆ ಕಲಿತು, ಸರ್ಕಾರದ ತರಬೇತುದಾರರಾಗಿ ಮಕ್ಕಳನ್ನು ಓಡಿಸಿದರು. ಮೋಸ ಮಾಡಿದವರನ್ನೂ ಈ ತಾಯಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಜನ ಕಡಿಮೆಯೇನಿರಲಿಲ್ಲ. ತಪ್ಪು ಮಾಡಿದವರು ಮರಳಬಹುದೇ ಎಂದು ಕೇಳುವವರು, ತಪ್ಪೇ ಇಲ್ಲದವರ ಮುಂದೆ ತಾವು ಮರಳಿ ತಲೆ ಬಾಗಿದ್ದೇವೆಯೇ ಎಂದೂ ಕೇಳಿಕೊಳ್ಳಲಿ.

ಈಗ ಆ ದ್ರಾಕ್ಷಿ ಬೆಳೆಗಾರರ ಮಾತಿಗೆ ಬರುತ್ತೇವೆ. ಹೊರಡುವಾಗ ನಾವು ಅವರನ್ನು ಚಪ್ಪರದ ಕೆಳಗೆ ಕರೆದು ಒಂದೇ ಪ್ರಶ್ನೆ ಕೇಳಿದೆವು: "ಹುಟ್ಟಿದ ದಿನವನ್ನು ತಿದ್ದಿಸಿದವರು ಯಾರು?" ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನೇ ಬುದ್ಧೀ. ಅವನಿಗೆ ಗೊತ್ತಿರಲಿಲ್ಲ" ಎಂದರು.

ಹುಡುಗನಿಗೆ ನೀವೇ ಇದನ್ನು ಹೇಳಿದ್ದೀರಾ ಎಂದೆವು. ಇಲ್ಲವೆಂದು ತಲೆಯಾಡಿಸಿದರು. ಹಾಗಾದರೆ ಮೊದಲು ಮಗನ ಮುಂದೆ, ಆಮೇಲೆ ಹಾರ ಹಾಕಿದ ಊರವರ ಮುಂದೆ ಹೇಳಿ. ಗೆದ್ದ ಬಟ್ಟಲನ್ನು ನೀವೇ ಕೈಯಾರೆ ಹಿಂದಕ್ಕೆ ಕೊಟ್ಟು ಬನ್ನಿ ಎಂದೆವು. ಎರಡನೆಯವನಾಗಿ ಓಡಿದ ಹುಡುಗನೂ ಯಾರದೋ ಮನೆಯ ಮಗನೇ ತಾನೆ.

ಮೊನ್ನೆ ಅವರಿಂದ ಕಾಗದ ಬಂತು. ಬಟ್ಟಲು ಕೊಟ್ಟು ಬಂದರಂತೆ. ಊರ ಜನ ಈಗ ಅವರನ್ನು ಕಂಡು ನಗುತ್ತಾರಂತೆ. ಹುಡುಗ ಬೆಳಗಿನ ಜಾವ ಎದ್ದು ಮೈದಾನಕ್ಕೆ ಹೋಗುತ್ತಿದ್ದಾನೆ, ಸದ್ಯಕ್ಕೆ ಯಾರೂ ಬರುವ ಮೊದಲೇ ಓಡಿ ಮನೆಗೆ ಬಂದುಬಿಡುತ್ತಾನೆ ಎಂದು ಬರೆದಿದ್ದಾರೆ.